ಎಫ್‌ಒಬಿ: ಮೂರು ಅಕ್ಷರ, ನಾಲ್ಕು ಪ್ರಶ್ನೆ



ಇಂದಿನ ವಿಷಯ ಎಫ್‌ಒಬಿ ಎಂದು ಆಹ್ವಾನ ಪತ್ರಿಕೆಯಲ್ಲಿ ಓದಿದ ಕೆಲವರು ರೈಲ್ವೆ ನಿಲ್ದಾಣದ ಮೇಲ್ಸೇತುವೆಯ ಮಾತಿರಬಹುದೆಂದು ಬಂದಿದ್ದರೆ ಅವರದೇನೂ ತಪ್ಪಿಲ್ಲ. ರೈಲ್ವೆಯ ಟೆಂಡರಿನಲ್ಲಿ ಆ ಮೂರಕ್ಷರಕ್ಕೆ ಫುಟ್ ಓವರ್ ಬ್ರಿಜ್ ಎಂದೇ ಅರ್ಥ. ಆ ಎಫ್‌ಒಬಿಯಿಂದ ಯಾರಿಗೂ ಗೊಂದಲವಿಲ್ಲ. ಹಳಿ ದಾಟಲು ಮೆಟ್ಟಿಲು ಹತ್ತುವವರು ಅದನ್ನು ಹಡಗೆಂದು ತಿಳಿಯುವುದಿಲ್ಲ. ನಾನು ಹೇಳಹೊರಟಿರುವುದು ಫ್ರೀ ಆನ್ ಬೋರ್ಡ್ ಎಂಬ ಎಫ್‌ಒಬಿಯ ಕಥೆ. ಬಿಡಿಸಿ ಓದಿದರೆ ಎಲ್ಲ ಕಡೆ ಅದೇ ಮೂರು ಪದ. ಆದರೆ ಮಾರಾಟದ ಕಾಂಟ್ರ್ಯಾಕ್ಟಿನಲ್ಲಿ ಒಂದು ಅರ್ಥ, ಕಸ್ಟಮ್ಸ್ ನಿಯಮದಲ್ಲಿ ಇನ್ನೊಂದು, ಅಮೆರಿಕದ ಇನ್‌ವಾಯ್ಸಿನಲ್ಲಿ ಮಗದೊಂದು. ವಿಸ್ತೃತ ರೂಪ ಒಂದೇ ಆಗಿರುವುದರಿಂದ ಅರ್ಥವೂ ಒಂದೇ ಎಂಬ ಭರವಸೆ ಹುಟ್ಟುತ್ತದೆ. ದುಡ್ಡು ಹೋಗುವುದು ಆ ಭರವಸೆಯಿಂದ.

ಕಡಲಾಚೆಗೆ ಮಾಲು ಮಾರುವಾಗ ನಾಲ್ಕು ಪ್ರಶ್ನೆಗಳು ಏಳುತ್ತವೆ. ಎಲ್ಲಿಯವರೆಗಿನ ಖರ್ಚು ಮಾರುವವನದು? ಯಾವ ಕ್ಷಣದಿಂದಾಚೆ ಮಾಲು ಹಾಳಾದರೆ ನಷ್ಟ ಕೊಳ್ಳುವವನದು? ಒಡೆತನ ಯಾವಾಗ ಕೈ ಬದಲಾಯಿಸುತ್ತದೆ? ಸುಂಕ ಹಾಕುವಾಗ ಸರ್ಕಾರ ಯಾವ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ? ಎಫ್‌ಒಬಿ ಎಂದು ಬರೆದ ಕೂಡಲೇ ನಾಲ್ಕಕ್ಕೂ ಉತ್ತರ ಸಿಕ್ಕಿತೆಂದು ವ್ಯಾಪಾರಿ ನಿರಾಳವಾಗುತ್ತಾನೆ. ಒಂದೊಂದು ಕಾನೂನು ಇವುಗಳಲ್ಲಿ ತನಗೆ ಬೇಕಾದ ಒಂದನ್ನೋ ಎರಡನ್ನೋ ಎತ್ತಿಕೊಂಡು ಉಳಿದವುಗಳ ಗೊಡವೆಗೆ ಹೋಗುವುದಿಲ್ಲ ಎಂಬುದು ನನ್ನ ವಾದ. ಒಂದು ಕಾನೂನಿನ ಉತ್ತರವನ್ನು ಇನ್ನೊಂದರ ಪ್ರಶ್ನೆಗೆ ಹಚ್ಚಿದಾಗ ತಂಟೆ ಶುರುವಾಗುತ್ತದೆ.

ಈ ಮಾತು ಕಾನೂನು ವರದಿಗಳಿಗೆ ಬಂದದ್ದು ಸಕ್ಕರೆಯ ಬೆನ್ನೇರಿ. 1812ರ ವ್ಯಾಕರ್‌ಬಾರ್ತ್ ಮತ್ತು ಮೇಸನ್ ಮೊಕದ್ದಮೆಯಲ್ಲಿ ಸಕ್ಕರೆಯನ್ನು ವಿದೇಶಿ ಹಡಗಿಗೆ ಏರಿಸಿ ಕೊಡುವ ಕರಾರಿತ್ತು. ಆಗಿನ ಕಾಲದ ಚಿತ್ರ ಸರಳ. ಕೊಳ್ಳುವವನು ಹಡಗು ಗೊತ್ತುಮಾಡುತ್ತಾನೆ, ಮಾರುವವನು ಮಾಲನ್ನು ತಂದು ಏರಿಸುತ್ತಾನೆ, ಅಲ್ಲಿಗೆ ಅವನ ಜವಾಬ್ದಾರಿ ಮುಗಿಯಿತು. ಅದೇ ಶತಮಾನದ ಎಂಬತ್ತರ ದಶಕದಲ್ಲಿ ಇಂಗ್ಲಿಸ್ ಮತ್ತು ಸ್ಟಾಕ್ ಮೊಕದ್ದಮೆ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಅಲ್ಲಿಯೂ ಸಕ್ಕರೆಯೇ. ಹ್ಯಾಂಬರ್ಗ್‌ನಲ್ಲಿ ಎಫ್‌ಒಬಿ ಕರಾರಿನಲ್ಲಿ ಹಡಗಿಗೆ ತುಂಬಿದ ಚೀಲಗಳು ಬ್ರಿಸ್ಟಲ್ ತಲುಪುವ ಮೊದಲೇ ಮುಳುಗಿದವು. ಆ ಚೀಲಗಳಲ್ಲಿ ಯಾವುದು ಯಾವ ಕರಾರಿಗೆ ಸೇರಿದ್ದು ಎಂದು ಇನ್ನೂ ವಿಂಗಡಿಸಿರಲಿಲ್ಲ. ವಿಂಗಡಿಸದ ಮಾಲಿನ ಒಡೆತನ ಕೊಳ್ಳುವವನಿಗೆ ಬರುವುದಿಲ್ಲ. ಒಡೆತನವಿಲ್ಲದವನಿಗೆ ವಿಮೆ ಕೊಡುವುದು ಹೇಗೆ ಎಂದು ವಿಮೆದಾರರು ಕೈಯೆತ್ತಿದರು. ಕರಾರು ಎಫ್‌ಒಬಿ, ಆದ್ದರಿಂದ ಹಡಗೇರಿದ ಮೇಲೆ ನಷ್ಟದ ಹೊರೆ ಕೊಳ್ಳುವವನದೇ, ಹೊರೆ ಇದ್ದವನಿಗೆ ವಿಮೆ ಮಾಡಿಸುವ ಹಿತಾಸಕ್ತಿಯೂ ಇದೆ ಎಂದು ತೀರ್ಪಾಯಿತು. ನನ್ನ ನಾಲ್ಕು ಪ್ರಶ್ನೆಗಳಲ್ಲಿ ಎರಡು, ಒಡೆತನ ಮತ್ತು ನಷ್ಟ, ಒಂದೇ ಹಡಗಿನಲ್ಲಿ ಬೇರೆ ಬೇರೆ ದಾರಿ ಹಿಡಿದದ್ದು ಹೀಗೆ.

ಇನ್ನೊಂದು ಮೊಕದ್ದಮೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದರಲ್ಲಿ ಕೊಳ್ಳುವವರು ನಾವೇ, ಅಂದರೆ ಭಾರತ ಸರ್ಕಾರ. ಪೈರೀನ್ ಎಂಬ ಬ್ರಿಟಿಷ್ ಕಂಪನಿ ಭಾರತ ಸರ್ಕಾರಕ್ಕೆ ಅಗ್ನಿಶಾಮಕ ವಾಹನಗಳನ್ನು ಎಫ್‌ಒಬಿ ಲಂಡನ್ ಎಂದು ಮಾರಿತ್ತು. ಹಡಗನ್ನು ಗೊತ್ತುಮಾಡಿದ್ದು ಭಾರತ ಸರ್ಕಾರ. ಹಡಗು ಸಿಂಧಿಯಾ ಕಂಪನಿಯದು. ವಾಲ್‌ಚಂದ್ ಹೀರಾಚಂದರು 1919ರಲ್ಲಿ ಕಟ್ಟಿ ಬೆಳೆಸಿದ ಅದೇ ಸಿಂಧಿಯಾ. ಲಂಡನ್ ಬಂದರಿನಲ್ಲಿ ಹಡಗಿನದೇ ಕ್ರೇನು ವಾಹನವೊಂದನ್ನು ಮೇಲೆತ್ತಿತು. ಹಡಗಿನ ಅಂಚಿನ ಕಂಬಿಯನ್ನು ದಾಟುವ ಮೊದಲೇ ವಾಹನ ಕೆಳಗೆ ಬಿತ್ತು. ರಿಪೇರಿ ಖರ್ಚು 966 ಪೌಂಡು. ಕಂಬಿ ದಾಟದ ಕಾರಣ ನಷ್ಟ ಮಾರುವವನದೇ ಆಗಿ ಉಳಿಯಿತು. ಪೈರೀನ್ ಕಂಪನಿ ಹಡಗು ಕಂಪನಿಯ ಮೇಲೆ ದಾವೆ ಹೂಡಿತು. ಸಾಗಣೆಯ ಕರಾರಿನ ಪ್ರಕಾರ ನಮ್ಮ ಹೊಣೆ 200 ಪೌಂಡಿಗಿಂತ ಹೆಚ್ಚಿಲ್ಲ ಎಂದು ಸಿಂಧಿಯಾ ವಾದಿಸಿತು. ಆ ಕರಾರು ಮಾಡಿಕೊಂಡದ್ದು ಭಾರತ ಸರ್ಕಾರ, ನಾವಲ್ಲ, ನಮ್ಮನ್ನು ಆ ಮಿತಿ ಕಟ್ಟಿಹಾಕದು ಎಂಬುದು ಪೈರೀನ್ ವಾದ.

1954ರಲ್ಲಿ ತೀರ್ಪು ಕೊಟ್ಟ ನ್ಯಾಯಮೂರ್ತಿ ಡೆವ್ಲಿನ್ 200 ಪೌಂಡಿನ ಮಿತಿಯನ್ನು ಎತ್ತಿಹಿಡಿದರು. ಎಫ್‌ಒಬಿ ಎಂಬುದು ಒಂದೇ ಅಚ್ಚಿನ ಕರಾರಲ್ಲ, ಬಾಗುವ ಸ್ವಭಾವದ್ದು ಎಂದೂ ಹೇಳಿದರು. ಒಮ್ಮೆ ಕೊಳ್ಳುವವನೇ ಹಡಗು ಹಿಡಿಯುತ್ತಾನೆ, ಒಮ್ಮೆ ಮಾರುವವನು ಹಿಡಿದುಕೊಡುತ್ತಾನೆ, ಒಮ್ಮೆ ನಡುವೆ ಏಜೆಂಟ್ ಇರುತ್ತಾನೆ, ಮೂರೂ ಎಫ್‌ಒಬಿಯೇ. ಕ್ರೇನಿನ ತುದಿಯಲ್ಲಿ ತೂಗಾಡುವ ಮಾಲು ಕಾಣದ ಗೆರೆಯೊಂದನ್ನು ಅತ್ತಿತ್ತ ದಾಟುವಾಗ ಹೊಣೆಯೂ ಅತ್ತಿತ್ತ ಹಾರುತ್ತದೆ ಎಂದು ಲೆಕ್ಕ ಹಾಕುವುದನ್ನು ಅವರು ಚೆನ್ನಾಗಿ ಗೇಲಿ ಮಾಡಿದ್ದಾರೆ. ವಿದ್ಯಾರ್ಥಿಗಳು ಟಿಪ್ಪಣಿ ಪುಸ್ತಕ ಬಿಟ್ಟು ಮೂಲ ತೀರ್ಪನ್ನೇ ಓದಬೇಕು. ಅಷ್ಟು ತಿಳಿಯಾದ ಗದ್ಯ ತೀರ್ಪುಗಳಲ್ಲಿ ಅಪರೂಪ.

ವ್ಯಾಪಾರಿಗಳು ಮಾತ್ರ ಆ ಕಾಣದ ಗೆರೆಯನ್ನು ಬಹುಕಾಲ ಬಿಡಲಿಲ್ಲ. ಪ್ಯಾರಿಸ್‌ನ ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಇನ್‌ಕೋಟರ್ಮ್ಸ್ ಎಂಬ ನಿಯಮಗಳ ಮೊದಲ ಆವೃತ್ತಿ ತಂದಿತು. ಒಂದೊಂದು ದೇಶದಲ್ಲಿ ಒಂದೊಂದು ಅರ್ಥ ಪಡೆದಿದ್ದ ಸಂಕ್ಷೇಪಗಳಿಗೆ ಒಂದೇ ವ್ಯಾಖ್ಯೆ ಕೊಡುವುದು ಅದರ ಉದ್ದೇಶ. 2000ದ ಆವೃತ್ತಿಯವರೆಗೂ ಎಫ್‌ಒಬಿಯಲ್ಲಿ ನಷ್ಟದ ಹೊರೆ ಹಡಗಿನ ಕಂಬಿಯ ಬಳಿ ಕೈ ಬದಲಾಯಿಸುತ್ತಿತ್ತು. 2010ರ ಆವೃತ್ತಿ ಕಂಬಿಯನ್ನು ಕಿತ್ತುಹಾಕಿ, ಮಾಲು ಹಡಗಿನ ಮೇಲೆ ಇಳಿದಿರಬೇಕು ಎಂದಿತು. ಈಗ ಜಾರಿಯಲ್ಲಿರುವ 2020ರ ಆವೃತ್ತಿಯೂ ಅದನ್ನೇ ಹೇಳುತ್ತದೆ. ಎಂದರೆ ಕಾಲದ ಮಟ್ಟಿಗೂ ಎಫ್‌ಒಬಿಗೆ ಒಂದೇ ಅರ್ಥವಿಲ್ಲ. ಹಳೆಯ ಕಾಂಟ್ರ್ಯಾಕ್ಟನ್ನು ನಕಲು ಮಾಡುವ ಗುಮಾಸ್ತರಿಗೆ ಇದು ಗೊತ್ತಿರಬೇಕು: ಇನ್‌ಕೋಟರ್ಮ್ಸ್ 2000 ಎಂಬ ಸಾಲು ಉಳಿದುಕೊಂಡಿದ್ದರೆ ಕಂಬಿಯೂ ಉಳಿದುಕೊಂಡಿದೆ. ಇನ್ನೊಂದು ಮಾತು: ಒಡೆತನದ ಬಗ್ಗೆ ಇನ್‌ಕೋಟರ್ಮ್ಸ್ ತುಟಿ ಬಿಚ್ಚುವುದಿಲ್ಲ. ಖರ್ಚು ಮತ್ತು ನಷ್ಟ, ಈ ಎರಡಕ್ಕೆ ಉತ್ತರಿಸಿ ಸುಮ್ಮನಾಗುತ್ತದೆ.

ಕಂಟೇನರ್ ಬಂದ ಮೇಲೆ ಇಕ್ಕಟ್ಟು ಹೆಚ್ಚಿತು. ಹಾಸನದ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜ ತುಂಬಿ ಸೀಲ್ ಹಾಕಿದ ಕಂಟೇನರ್, ಕೊಳ್ಳುವವನು ಗೊತ್ತುಮಾಡಿದ ಸಾಗಣೆ ಕಂಪನಿಯ ಲಾರಿಯಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ಹೊರಟಿದೆ ಎಂದಿಟ್ಟುಕೊಳ್ಳಿ. ಶಿರಾಡಿ ಘಾಟಿಯಲ್ಲಿ ಲಾರಿ ಮಗುಚಿತು. ಮಾಲು ಮಾರುವವನ ಕೈಯಲ್ಲಿಲ್ಲ, ಚಾಲಕ ಅವನ ಆಳಲ್ಲ. ಆದರೂ ಎಫ್‌ಒಬಿ ನವಮಂಗಳೂರು ಎಂದು ಬರೆದಿದ್ದರೆ ನಷ್ಟ ಅವನದೇ. ಕಂಟೇನರ್ ಇನ್ನೂ ಹಡಗೇರಿಲ್ಲ. ಕೊಳ್ಳುವವನ ವಿಮೆ ಹಡಗಿನಿಂದ ಶುರು, ಮಾರುವವನು ಘಾಟಿಗೆ ವಿಮೆ ಮಾಡಿಸಿಲ್ಲ. ಇಂಥ ಸಂದರ್ಭಕ್ಕೆಂದೇ ಎಫ್‌ಸಿಎ, ಅಂದರೆ ಫ್ರೀ ಕ್ಯಾರಿಯರ್ ಎಂಬ ಕರಾರಿದೆ. ಎಫ್‌ಸಿಎ ಹಾಸನ ಎಂದಿದ್ದರೆ, ಲಾರಿಗೆ ಏರಿಸಿ ಒಪ್ಪಿಸಿದಲ್ಲಿಗೆ ಮಾರುವವನ ಹೊರೆ ಇಳಿಯುತ್ತಿತ್ತು. ಕಂಟೇನರ್ ಮಾಲಿಗೆ ಎಫ್‌ಒಬಿ ಬೇಡ, ಎಫ್‌ಸಿಎ ಬಳಸಿ ಎಂದು ಮಂಡಳಿ ಹೇಳುತ್ತಲೇ ಇದೆ. ನಮ್ಮವರು ಕೇಳುವುದಿಲ್ಲ. ಲೆಟರ್ ಆಫ್ ಕ್ರೆಡಿಟ್ ಇದ್ದಾಗ ಮಾಲು ಹಡಗೇರಿದೆ ಎಂಬ ಬಿಲ್ ಆಫ್ ಲೇಡಿಂಗನ್ನು ಬ್ಯಾಂಕು ಕೇಳುತ್ತದೆ, ಎಫ್‌ಸಿಎಯಲ್ಲಿ ಅದು ಸಿಗುವುದು ಕಷ್ಟ ಎಂಬ ಅಳುಕಿತ್ತು. 2020ರ ಆವೃತ್ತಿ ಅದಕ್ಕೂ ದಾರಿ ಮಾಡಿಕೊಟ್ಟಿದೆ. ಈಗ ಉಳಿದಿರುವುದು ಬರೀ ರೂಢಿ.

ಇನ್ನು ಅಮೆರಿಕ. ಅಲ್ಲಿ ಎಫ್‌ಒಬಿಗೂ ಹಡಗಿಗೂ ಸಂಬಂಧ ಇರಲೇಬೇಕೆಂದಿಲ್ಲ. ಅಲ್ಲಿನ ಏಕರೂಪ ವಾಣಿಜ್ಯ ಸಂಹಿತೆಯ 2-319ನೇ ಕಲಮಿನಲ್ಲಿ ಮೂರು ಬಗೆ ಎಫ್‌ಒಬಿ ಇವೆ. ಹೊರಡುವ ಸ್ಥಳದ ಎಫ್‌ಒಬಿಯಲ್ಲಿ ಸಾಗಣೆದಾರನ ಕೈಗೆ ಒಪ್ಪಿಸಿದರೆ ಮಾರುವವನ ಕೆಲಸ ಮುಗಿಯಿತು. ತಲುಪುವ ಸ್ಥಳದ ಎಫ್‌ಒಬಿಯಲ್ಲಿ ಕೊಳ್ಳುವವನ ಊರಿನವರೆಗೂ ಖರ್ಚು, ನಷ್ಟ ಎರಡೂ ಮಾರುವವನದೇ. ಹಡಗು ಅಥವಾ ವಾಹನ ಎಂದು ಬರೆದರೆ ಮಾತ್ರ ಅದರ ಮೇಲೆ ಏರಿಸಿ ಕೊಡಬೇಕು. 1941ರಲ್ಲಿ ಪರಿಷ್ಕರಿಸಿದ ಅಲ್ಲಿನ ವಿದೇಶ ವ್ಯಾಪಾರ ವ್ಯಾಖ್ಯೆಗಳಲ್ಲಂತೂ ಎಫ್‌ಒಬಿಗೆ ಆರು ಬಗೆ. ಅದರಲ್ಲೊಂದು, ಆಮದು ಮಾಡಿಕೊಳ್ಳುವ ದೇಶದ ಒಳನಾಡಿನವರೆಗೂ ಮುಟ್ಟಿಸಿಕೊಡುವುದು. ಹಡಗೇರಿಸಿದಲ್ಲಿಗೆ ಮುಗಿಯಿತು ಎಂದು ನಮ್ಮಲ್ಲಿ ತಿಳಿಯುವ ಎಫ್‌ಒಬಿಗೆ ನೇರ ವಿರುದ್ಧ ಅದು.

ಪೀಣ್ಯದ ವರ್ಕ್‌ಶಾಪೊಂದು ಅಮೆರಿಕದಿಂದ ಯಂತ್ರ ತರಿಸುತ್ತದೆ. ಇನ್‌ವಾಯ್ಸಿನಲ್ಲಿ ಎಫ್‌ಒಬಿ ಡೆನ್ವರ್ ಎಂದಿದೆ. ಡೆನ್ವರ್‌ಗೆ ಕಡಲಿನ ಗಾಳಿಯೂ ಸೋಕುವುದಿಲ್ಲ. ಹಡಗೇರಿಸುವವರೆಗೆ ಅವರದೇ ಜವಾಬ್ದಾರಿ ಎಂದು ಪೀಣ್ಯದವರು ಓದಿಕೊಳ್ಳುತ್ತಾರೆ. ಡೆನ್ವರ್‌ನಲ್ಲಿ ಟ್ರಕ್ಕಿಗೆ ಒಪ್ಪಿಸಿದ್ದೇ ನಾವು ಬಿಡುಗಡೆ ಎಂದು ಅಮೆರಿಕದವರು ಓದಿಕೊಳ್ಳುತ್ತಾರೆ. ಸಾವಿರಾರು ಕಿಲೋಮೀಟರಿನ ರಸ್ತೆ ಯಾರದೂ ಅಲ್ಲದೆ ಉಳಿಯುತ್ತದೆ. ಇಬ್ಬರೂ ಸತ್ಯವಂತರೇ, ತಂತಮ್ಮ ಕಾನೂನಿನ ಪ್ರಕಾರ ಇಬ್ಬರೂ ಸರಿಯೇ.

ನಮ್ಮ ಕಾನೂನು ಏನನ್ನುತ್ತದೆ? 1930ರ ಸರಕು ಮಾರಾಟ ಕಾಯ್ದೆಯನ್ನು ಮೊದಲಿನಿಂದ ಕೊನೆಯವರೆಗೆ ಹುಡುಕಿದರೂ ಎಫ್‌ಒಬಿ ಎಂಬ ಮಾತು ಸಿಗದು. ಒಡೆತನ ಯಾವಾಗ ದಾಟಬೇಕೆಂಬುದು ಪಕ್ಷಗಳ ಉದ್ದೇಶವೋ ಆಗಲೇ ಅದು ದಾಟುತ್ತದೆ ಎನ್ನುತ್ತದೆ 19ನೇ ಕಲಮು. ಬೇರೆ ಒಪ್ಪಂದ ಇಲ್ಲದಿದ್ದರೆ ಒಡೆತನವಿದ್ದಲ್ಲಿ ನಷ್ಟ ಎನ್ನುತ್ತದೆ 26ನೇ ಕಲಮು. ಮಿಕ್ಕದ್ದನ್ನು ನ್ಯಾಯಾಲಯಗಳೇ ತುಂಬಬೇಕಾಯಿತು, ಅದೂ ಹೆಚ್ಚಾಗಿ ಮಾರಾಟ ತೆರಿಗೆಯ ಜಗಳಗಳಲ್ಲಿ. ರಫ್ತಿನ ಹಾದಿಯಲ್ಲಿ ನಡೆದ ಮಾರಾಟಕ್ಕೆ ರಾಜ್ಯ ತೆರಿಗೆ ಹಾಕುವಂತಿಲ್ಲ ಎಂದು ಸಂವಿಧಾನದ 286ನೇ ವಿಧಿ ಹೇಳುತ್ತದೆ. 1961ರ ಸುಮಾರಿಗೆ ವರದಿಯಾದ ವಡೇಯರ್ ಮತ್ತು ದೌಲತ್‌ರಾಮ್ ಪ್ರಕರಣದಲ್ಲಿ, ಎಫ್‌ಒಬಿ ಕರಾರಿನಲ್ಲಿ ಸಾಮಾನ್ಯವಾಗಿ ಹಡಗೇರಿದಾಗಲೇ ಒಡೆತನ ದಾಟುತ್ತದೆ, ಆದ್ದರಿಂದ ಅದು ರಫ್ತಿನ ಹಾದಿಯ ಮಾರಾಟ, ತೆರಿಗೆ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ರಫ್ತುದಾರರು ಖುಷಿಪಟ್ಟರು.

1975ರಲ್ಲಿ ಸಿರಾಜುದ್ದೀನ್ ಪ್ರಕರಣ ಬಂತು. ಒಡಿಶಾದ ಅದಿರು ವ್ಯಾಪಾರಿ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್‌ಗೆ ಎಫ್‌ಒಬಿ ಕಲ್ಕತ್ತಾ ಕರಾರಿನಲ್ಲಿ ಮಾರಿದ. ಕಾರ್ಪೊರೇಷನ್ ಅದನ್ನೇ ವಿದೇಶಕ್ಕೆ ಮಾರಿತು. ಅದಿರನ್ನು ಹಡಗಿಗೆ ಏರಿಸಿಕೊಟ್ಟವನು ತಾನೇ, ತನ್ನದೂ ರಫ್ತಿನ ಹಾದಿಯ ಮಾರಾಟ ಎಂದು ವ್ಯಾಪಾರಿ ವಾದಿಸಿದ. ನ್ಯಾಯಾಲಯ ಒಪ್ಪಲಿಲ್ಲ. ವಿದೇಶಿಯ ಜೊತೆ ಕರಾರು ಮಾಡಿದ್ದು ಕಾರ್ಪೊರೇಷನ್, ಅದೇ ರಫ್ತುದಾರ. ಅದಕ್ಕೆ ಮಾರಿದವನ ಕರಾರಿನಲ್ಲಿ ಎಫ್‌ಒಬಿ ಇದ್ದರೇನು, ಬಿಟ್ಟರೇನು. ಮೂರಕ್ಷರ ಒಮ್ಮೆ ತೆರಿಗೆ ಉಳಿಸಿತ್ತು, ಇಲ್ಲಿ ಕೈಕೊಟ್ಟಿತು. ಮರುವರ್ಷವೇ ಸಂಸತ್ತು ಕೇಂದ್ರ ಮಾರಾಟ ತೆರಿಗೆ ಕಾಯ್ದೆಗೆ 5(3) ಎಂಬ ಉಪಕಲಮು ಸೇರಿಸಿ ರಫ್ತಿಗೆ ಮುಂಚಿನ ಕೊನೆಯ ಮಾರಾಟವನ್ನೂ ತೆರಿಗೆಯಿಂದ ಹೊರಗಿಟ್ಟಿತು. ಆ ಉಪಕಲಮಿನ ಅರ್ಥ ಬಿಡಿಸುವ ಹೊಣೆ 1980ರಲ್ಲಿ ಬಿದ್ದದ್ದು ಬೆಂಗಳೂರಿನ ಕಾಫಿ ಮಂಡಳಿಯ ಹರಾಜಿನ ಮೊಕದ್ದಮೆಯ ಮೇಲೆ ಎಂಬುದನ್ನು ಇಲ್ಲಿನ ವಕೀಲರಿಗೆ ನೆನಪಿಸಿ ಮುಂದೆ ಹೋಗುತ್ತೇನೆ.

ಈಗ ನಾಲ್ಕನೆಯ ಪ್ರಶ್ನೆ, ಸುಂಕದ ಬೆಲೆ. ಇಲ್ಲಿ ಎಫ್‌ಒಬಿ ಪೂರ್ತಿ ಬೇರೆ ವೇಷ ಹಾಕುತ್ತದೆ. ಕಸ್ಟಮ್ಸ್‌ನವರಿಗೆ ಅದು ಬೇಕಿರುವುದು ಒಂದು ಅಂಕಿಯಾಗಿ. 1962ರ ಕಸ್ಟಮ್ಸ್ ಕಾಯ್ದೆಯ 14ನೇ ಕಲಮಿನ ಪ್ರಕಾರ ಆಮದಿನ ಬೆಲೆ ಎಂದರೆ ಮಾಲು ಇಲ್ಲಿಗೆ ತಲುಪಿದ ಬೆಲೆ, ಅಂದರೆ ಸಾಗಣೆ ಮತ್ತು ವಿಮೆ ಸೇರಿದ ಸಿಐಎಫ್. ಅಮೆರಿಕ ತನ್ನ ಆಮದಿಗೆ ಅಂತಾರಾಷ್ಟ್ರೀಯ ಸಾಗಣೆಯನ್ನು ಬಿಟ್ಟು ಬೆಲೆ ಕಟ್ಟುತ್ತದೆ. ಎರಡಕ್ಕೂ ವಿಶ್ವ ವ್ಯಾಪಾರ ಸಂಸ್ಥೆಯ ಮೌಲ್ಯನಿರ್ಣಯ ಒಪ್ಪಂದದಲ್ಲಿ ಅವಕಾಶವಿದೆ. ನಮ್ಮಲ್ಲಿ ಸಾಗಣೆ, ವಿಮೆಯ ಖರ್ಚು ಎಷ್ಟೆಂದು ಗೊತ್ತಾಗದಿದ್ದರೆ 2007ರ ನಿಯಮಗಳ 10ನೇ ನಿಯಮ ಎಫ್‌ಒಬಿಯ ಬೆನ್ನು ಹತ್ತುತ್ತದೆ: ಸಾಗಣೆಗೆ ಎಫ್‌ಒಬಿ ಬೆಲೆಯ ಶೇ 20, ವಿಮೆಗೆ ಶೇ 1.125. ಪೀಣ್ಯದ ಯಂತ್ರಕ್ಕೆ 10 ಲಕ್ಷ ರೂಪಾಯಿ ಎಂದುಕೊಳ್ಳಿ. 2 ಲಕ್ಷ ಸಾಗಣೆ, 11,250 ವಿಮೆ, ಒಟ್ಟು 12,11,250 ರೂಪಾಯಿಯ ಮೇಲೆ ಸುಂಕ. ನಿಜವಾದ ಸಾಗಣೆ ಖರ್ಚು ಅದರ ಕಾಲುಭಾಗ ಇದ್ದರೂ ರಸೀದಿ ತೋರಿಸದವನಿಗೆ ಇದೇ ಗತಿ. ಇನ್‌ವಾಯ್ಸಿನ ಎಫ್‌ಒಬಿ ಡೆನ್ವರ್‌ನದೋ ಅಮೆರಿಕದ ಬಂದರಿನದೋ ಎಂಬುದು ಇಲ್ಲಿಯೂ ಮುಖ್ಯ, ಏಕೆಂದರೆ ಸಾಗಣೆಯ ರಸೀದಿ ಕೊಡುವಾಗ ಒಳನಾಡಿನ ಟ್ರಕ್ಕಿನ ಬಾಡಿಗೆಯನ್ನು ಬಿಟ್ಟರೆ ಬೆಲೆ ಕಡಿಮೆ ತೋರಿಸಿದ ಆರೋಪ ಬರುತ್ತದೆ.

ಹಿಂದೆ ಇದರ ಮೇಲೆ ಮಾಲು ಇಳಿಸುವ ಶುಲ್ಕವೆಂದು ಇನ್ನೊಂದು ಶೇ 1 ಸೇರುತ್ತಿತ್ತು, ಎಫ್‌ಒಬಿ, ಸಾಗಣೆ, ವಿಮೆ ಮೂರರ ಮೊತ್ತದ ಮೇಲೆ. ನಿಜವಾಗಿ ಕೊಟ್ಟ ಶುಲ್ಕ ಗೊತ್ತಿದ್ದಾಗಲೂ ಈ ಊಹೆಯ ಶೇಕಡಾವಾರು ಏಕೆ ಎಂದು ಬೆಂಗಳೂರಿನ ವಿಪ್ರೊ ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಆ ನಿಯಮ 14ನೇ ಕಲಮಿಗೆ ವಿರುದ್ಧವಾದದ್ದೆಂದು 2015ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2017ರಲ್ಲಿ ನಿಯಮವೂ ಬದಲಾಯಿತು. ಒಂದು ಸಂಕ್ಷೇಪದ ಮೇಲೆ ಶೇಕಡಾವಾರು ಕಟ್ಟುತ್ತ ಹೋದರೆ ನಿಜವಾದ ಖರ್ಚು ಎಲ್ಲಿ ಮರೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಒಂದು ತಮಾಷೆಯನ್ನೂ ಗಮನಿಸಿ. 1976ರಲ್ಲಿ ವಾಣಿಜ್ಯ ಮಂಡಳಿ ವಿಮಾನ ನಿಲ್ದಾಣಕ್ಕೂ ಒಂದು ಎಫ್‌ಒಬಿ ಮಾಡಿತ್ತು. 1990ರಲ್ಲಿ ಅದನ್ನು ಕೈಬಿಟ್ಟಿತು. ಅವರ ಪ್ರಕಾರ ಎಫ್‌ಒಬಿ ಈಗ ಕಡಲು ಮತ್ತು ಒಳನಾಡು ಜಲಮಾರ್ಗಕ್ಕೆ ಮಾತ್ರ. ಆದರೆ ನಮ್ಮ ಕಸ್ಟಮ್ಸ್ ನಿಯಮದಲ್ಲಿ ವಿಮಾನದಲ್ಲಿ ಬಂದ ಮಾಲಿನ ಸಾಗಣೆ ಖರ್ಚು ಎಫ್‌ಒಬಿ ಬೆಲೆಯ ಶೇ 20 ಮೀರಬಾರದು ಎಂದಿದೆ. ದೇವನಹಳ್ಳಿಯಿಂದ ಹಾರುವ ಗುಲಾಬಿ ಹೂವಿನ ಶಿಪ್ಪಿಂಗ್ ಬಿಲ್ಲಿನಲ್ಲೂ ಎಫ್‌ಒಬಿ ಬೆಲೆ ತುಂಬಲೇಬೇಕು. ಹಡಗಿಲ್ಲದ ಎಫ್‌ಒಬಿ ತಪ್ಪೆಂದು ಯಾರೂ ಹೇಳುವಂತಿಲ್ಲ, ಅದು ಕೇಳುವ ಪ್ರಶ್ನೆಯೇ ಬೇರೆ.

ಶಿಪ್ಪಿಂಗ್ ಬಿಲ್ಲಿನ ಆ ಅಂಕಣವೇ ಹೊಸ ರಫ್ತುದಾರರನ್ನು ದಾರಿ ತಪ್ಪಿಸುವುದು. ಕರಾರು ಸಿಐಎಫ್ ಇದ್ದರೂ, ಎಫ್‌ಸಿಎ ಇದ್ದರೂ, ಅಲ್ಲಿ ಎಫ್‌ಒಬಿ ಬೆಲೆಯನ್ನು ಕಳೆದೋ ಕೂಡಿಯೋ ಬರೆಯಬೇಕು. ರಫ್ತು ಪ್ರೋತ್ಸಾಹದ ರೊಡ್‌ಟೆಪ್ ಯೋಜನೆ ಬಹುಪಾಲು ಸರಕಿಗೆ ಆ ಎಫ್‌ಒಬಿಯ ಶೇಕಡಾವಾರು ಕೊಡುತ್ತದೆ. ಜಿಎಸ್‌ಟಿ ಮರುಪಾವತಿಯಲ್ಲಿ, 2022ರ ತಿದ್ದುಪಡಿಯ ನಂತರ, ಶಿಪ್ಪಿಂಗ್ ಬಿಲ್ಲಿನ ಎಫ್‌ಒಬಿ ಮತ್ತು ಇನ್‌ವಾಯ್ಸಿನ ಬೆಲೆ ಇವೆರಡರಲ್ಲಿ ಕಡಿಮೆಯದನ್ನು ಹಿಡಿಯುತ್ತಾರೆ. ಹೀಗೆ ದಾಖಲೆಯ ತುಂಬ ಎಫ್‌ಒಬಿ ಇರುವುದನ್ನು ನೋಡಿ ತನ್ನ ಕರಾರೂ ಎಫ್‌ಒಬಿಯೇ ಎಂದು ರಫ್ತುದಾರ ನಂಬಿಬಿಡುತ್ತಾನೆ. ಕಸ್ಟಮ್ಸ್ ಏಜೆಂಟ್ ತುಂಬಿದ ಅಂಕಣವು ಕರಾರಿನ ಷರತ್ತು ಆಗುವುದಿಲ್ಲ.

ಎಫ್‌ಒಬಿಯ ತಮ್ಮ ಎಫ್‌ಒಆರ್ ಬಗ್ಗೆ ಎರಡು ಮಾತು. ಅದು ಫ್ರೀ ಆನ್ ರೈಲ್ ಆಗಿ ಹುಟ್ಟಿ, ಲಾರಿಗಳ ಕಾಲದಲ್ಲಿ ಫ್ರೀ ಆನ್ ರೋಡ್ ಆಗಿದೆ. ಸರ್ಕಾರಿ ಟೆಂಡರುಗಳಲ್ಲಿ ಎಫ್‌ಒಆರ್ ಡೆಸ್ಟಿನೇಷನ್ ಎಂದರೆ ಇಲಾಖೆಯ ಗೋದಾಮಿನ ಬಾಗಿಲಿಗೆ ಮುಟ್ಟಿಸುವುದು. ಹಾಗೆ ಮುಟ್ಟಿಸಿದ ಮಾಲಿನ ಸಾಗಣೆ ಖರ್ಚು ಅಬಕಾರಿ ಸುಂಕದ ಬೆಲೆಗೆ ಸೇರುತ್ತದೋ ಇಲ್ಲವೋ ಎಂಬ ಬಗ್ಗೆ 2015ರ ಒಂದೇ ವರ್ಷದಲ್ಲಿ ಸುಪ್ರೀಂ ಕೋರ್ಟಿನಿಂದ ಬಂದ ರೂಫಿಟ್ ಮತ್ತು ಇಸ್ಪಾತ್ ತೀರ್ಪುಗಳನ್ನು ಒಟ್ಟಿಗೆ ಇಟ್ಟುಕೊಂಡು ಓದುವುದು ಇಂದಿಗೂ ತಲೆನೋವಿನ ಕೆಲಸ.

ಎಲ್ಲ ಕಾನೂನುಗಳೂ ಕೂತು ಎಫ್‌ಒಬಿಗೆ ಒಂದೇ ಅರ್ಥ ಕೊಡಲಿ ಎಂದು ಕೆಲವರು ಬಯಸುತ್ತಾರೆ. ನನಗೆ ಅದು ಆಗಬೇಕಾದ ಕೆಲಸವೆಂದೂ ಅನ್ನಿಸುವುದಿಲ್ಲ. ಸುಂಕ ಹಾಕುವವರಿಗೆ ಅಂಕಿ ಬೇಕು, ವಿಮೆಯವರಿಗೆ ನಷ್ಟದ ಕ್ಷಣ ಬೇಕು, ತೆರಿಗೆಯವರಿಗೆ ಒಡೆತನ ದಾಟಿದ ಜಾಗ ಬೇಕು. ಅವರವರ ಕೆಲಸಕ್ಕೆ ಅವರವರ ಅರ್ಥ ಸರಿಯಾಗಿದೆ. ಬದಲಾಗಬೇಕಾದದ್ದು ಕರಾರು ಬರೆಯುವ ನಮ್ಮ ಕೈ.

ಆದ್ದರಿಂದ ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಾಳೆ ನಿಮ್ಮ ಮೇಜಿಗೆ ಬರುವ ಕರಡಿನಲ್ಲಿ ಎಫ್‌ಒಬಿ ಎಂದು ಕಂಡರೆ ಅದರ ಮುಂದೆ ಬಂದರಿನ ಹೆಸರನ್ನೂ, ಇನ್‌ಕೋಟರ್ಮ್ಸ್‌ನ ಆವೃತ್ತಿಯ ವರ್ಷವನ್ನೂ ಬರೆಯಿಸಿ. ಇನ್‌ಕೋಟರ್ಮ್ಸ್ ನಮ್ಮಲ್ಲಿ ಕಾನೂನಲ್ಲ, ಅಂತಾರಾಷ್ಟ್ರೀಯ ಸರಕು ಮಾರಾಟದ ವಿಯೆನ್ನಾ ಒಪ್ಪಂದಕ್ಕೂ ಭಾರತ ಸೇರಿಲ್ಲ. ಕರಾರಿನಲ್ಲಿ ಬರೆದರೆ ಮಾತ್ರ ಆ ನಿಯಮಗಳ ಪೂರ್ತಿ ಬಲ ನಿಮಗುಂಟು. ಒಡೆತನಕ್ಕೆ ಬೇರೆಯದೇ ಕಲಮು ಹಾಕಿ. ಮಾಲು ಕಂಟೇನರಿನಲ್ಲಿ ಹೋಗುವುದಾದರೆ ಎಫ್‌ಒಬಿಯನ್ನು ಹೊಡೆದುಹಾಕಿ ಎಫ್‌ಸಿಎ ಬರೆಯಿರಿ, ಕಕ್ಷಿದಾರ ಗೊಣಗಿದರೂ ಸರಿ.